ನಾಲ್ಕು ಗಂಟೆಯವರೆಗೆ ಸತ್ತವನು

ಆರ್ವಿಡ್ ಲೋಕೆನ್ ಸತ್ತದ್ದಕ್ಕೆ ಕಾರಣ ಫೋನಿನ ಕರಾರು.

ಮೊಬೈಲ್ ಕಂಪನಿಗಳು ಎರಡೆರಡು ವರ್ಷಕ್ಕೆ ಜನರ ಕೈಲಿ ಸಹಿ ಹಾಕಿಸಿಕೊಂಡು, ನಡುವೆ ಬಿಟ್ಟುಹೋಗುವವರ ಮೇಲೆ ದಂಡ ಜಡಿಯುತ್ತಿದ್ದ ಕಾಲ ಅದು. ಬಂದ ಕರೆ ಎತ್ತಿದರೂ ನಿಮಿಷಕ್ಕಿಷ್ಟು ಎಂದು ಕತ್ತರಿಸುತ್ತಿದ್ದರು. ರಾತ್ರಿ ಒಂಬತ್ತರ ಮೇಲಾದರೆ ಪುಕ್ಕಟೆ. ನಮ್ಮ ಟಾಲ್ವಿಕ್ ಊರಿನವರೆಲ್ಲ ನಾರ್ವೆಯಿಂದ ಮಿನೆಸೋಟಕ್ಕೆ ಬಂದವರ ಮೊಮ್ಮಕ್ಕಳು, ಒಂದೇ ಕಾಫಿಪುಡಿಯನ್ನು ಎರಡು ಸಲ ಕುದಿಸುವ ಜನ. ಅಂಥ ನಾವೂ ಫೋನು ಬಂದರೆ ಎತ್ತುತ್ತಿದ್ದೆವು. ಆರ್ವಿಡ್ ಎತ್ತುತ್ತಿರಲಿಲ್ಲ. ಒಂಬತ್ತರ ಹೊತ್ತಿಗೆ ಅವನು ಗೊರಕೆ ಹೊಡೆಯುತ್ತಿದ್ದ. ಹಾಗಾಗಿ ಕರೆ ಮಾಡಿದವರೆಲ್ಲ ಹೇಳಬೇಕಾದ್ದನ್ನು ಫೋನಿನಲ್ಲೇ ದಾಖಲಿಸಿ ಬಿಡಬೇಕಿತ್ತು. ಅದಕ್ಕೆ ಮುಂಚೆ ಅವರಿಗೆ ಸಿಗುತ್ತಿದ್ದದ್ದು ಅವನು ಮೊದಲೇ ಹೇಳಿಟ್ಟ ಧ್ವನಿ: "ನಾನು ಆರ್ವಿಡ್. ಈಗ ಬರೋಕಾಗ್ತಿಲ್ಲ. ಆದ್ರೆ ನೀವು ನೆನಪು ಮಾಡ್ಕೊಂಡಿದ್ದು ನಂಗೆ ತುಂಬಾ ಸಂತೋಷ. ಏನಿದ್ರೂ ಹೇಳಿ. ನಿಧಾನವಾಗಿ ಹೇಳಿ. ನಾನು ಕೇಳಿಸ್ಕೊಳ್ತೀನಿ."

ಎದುರಿಗೆ ಸಿಕ್ಕರೆ ಹವಾಮಾನ ಬಿಟ್ಟು ಬೇರೆ ಮಾತಾಡದ ಮನುಷ್ಯ, ಆ ಧ್ವನಿಯಲ್ಲಿ ಮಾತ್ರ ಜೇನು ಸುರಿಸಿದ್ದ. ಹೇಳಿಡುವುದಕ್ಕೆ ಕಂಪನಿ ಕಾಸು ಕೇಳುತ್ತಿರಲಿಲ್ಲವಲ್ಲ.

ಪಕ್ಕದ ಲಿಂಡೆನ್ ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಮಾವಿಸ್ ಎಂಬ ವಿಧವೆಯ ಜೊತೆ ಅವನಿಗೆ ಗೆಳೆತನ. ಆರ್ವಿಡ್‌ಗೆ ಐವತ್ತೆಂಟು, ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿರಲಿಲ್ಲ. ಇವಳು ಕೈತಪ್ಪಿದರೆ ಉಳಿದ ಚಳಿಗಾಲಗಳನ್ನೆಲ್ಲ ಒಬ್ಬನೇ ಕಳೆಯಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವಳ ಫೋನು ಬೇರೆ ಕಂಪನಿಯದು. ಒಂದೇ ಕಂಪನಿಯವರು ತಮ್ಮತಮ್ಮಲ್ಲಿ ಎಷ್ಟು ಮಾತಾಡಿದರೂ ಪುಕ್ಕಟೆ, ಬೇರೆಯವರಾದರೆ ನಿಮಿಷಕ್ಕೆ ದುಡ್ಡು. ಕೊನೆಗೆ ಮಾವಿಸ್ ಖಡಾಖಂಡಿತವಾಗಿ ಹೇಳಿಬಿಟ್ಟಳು:

"ಗುರುವಾರ ಸಂಜೆ ಐದಕ್ಕೆ ನಮ್ಮೂರ ಫೋನಂಗಡಿಗೆ ಬಾ. ನನ್ನ ಫ್ಯಾಮಿಲಿ ಪ್ಲಾನಿಗೆ ನಿನ್ನ ಹೆಸರು ಸೇರಿಸ್ತೀನಿ. ನಿನ್ನ ಹಳೇ ಕರಾರು ಮುಗಿಸ್ಕೊಂಡು ಬಾ. ಬರಲಿಲ್ಲ ಅಂದ್ರೆ ನನ್ನನ್ನ ಮರ್ತುಬಿಡು, ಅಷ್ಟೇ."

ಮನೆಮಂದಿಯ ಫೋನುಗಳೆಲ್ಲ ಒಂದೇ ಕರಾರಿಗೆ ಸೇರುವುದು ಫ್ಯಾಮಿಲಿ ಪ್ಲಾನು; ನಮ್ಮ ಕಡೆ ಅದಕ್ಕೆ ಹೆಸರು ಸೇರಿಸುವುದೆಂದರೆ ಬೆರಳಿಗೆ ಉಂಗುರ ತೊಡಿಸಿದ ಹಾಗೆ. ಆರ್ವಿಡ್ ಹಿಗ್ಗಿದ. ದಂಡ ನೆನಪಾಗಿ ಕುಗ್ಗಿದ.

ಬುಧವಾರ ಧಾನ್ಯದ ಉಗ್ರಾಣದಲ್ಲಿ ಜೊತೆಗೆ ಕೆಲಸ ಮಾಡುವ ಡೆಲ್ಬರ್ಟ್‌ನ ಮುಂದೆ ತನ್ನ ಗೋಳು ಹೇಳಿಕೊಂಡ. ಊರಿಗೆಲ್ಲ ಉಪದೇಶ ಮಾಡುವ ಡೆಲ್ಬರ್ಟ್ ಕಂಪ್ಯೂಟರಿನಲ್ಲಿ ತಡಕಾಡಿ ಮುಖ ಎತ್ತಿದ.

"ದಂಡ ಇಲ್ದೆ ಬಿಡಿಸ್ಕೊಳ್ಳೋಕೆ ಮೂರೇ ದಾರಿ ಕಣೋ. ಸಿಗ್ನಲ್ ಸಿಗದ ಜಾಗಕ್ಕೆ ಮನೆ ಬದಲಾಯಿಸ್ಬೇಕು."

"ಆ ಕಂಪನಿ ಕಂಬ ಇರೋದೇ ನಮ್ಮ ಉಗ್ರಾಣದ ತಲೆ ಮೇಲೆ."

"ಇಲ್ಲಾ ಸೈನ್ಯಕ್ಕೆ ಸೇರ್ಬೇಕು."

"ನನ್ನ ಮಂಡಿ ನೋಡಿದೀಯಾ?"

"ಹಾಗಾದ್ರೆ ಸಾಯೋದೊಂದೇ ಉಳೀತು" ಅಂದ ಡೆಲ್ಬರ್ಟ್.

ಗುರುವಾರ ಆರ್ವಿಡ್ ರಜೆ ಹಾಕಿದ. ನವೆಂಬರ್ ತಿಂಗಳು, ಬೆಳಗಾದರೂ ಬೆಳಕು ಬಂದಿರಲಿಲ್ಲ. ಮಂಜು ಕಿಟಕಿಗೆ ಒರಗಿ ಒಳಗೆ ಇಣುಕುತ್ತಿತ್ತು. ಅವನು ಅಡುಗೆಮನೆಯ ಗೋಡೆಯ ಫೋನಿನಿಂದ ಕಂಪನಿಗೆ ಕರೆ ಮಾಡಿ, ಗಂಟಲು ದಪ್ಪ ಮಾಡಿಕೊಂಡು, ಅಣ್ಣ ಆರ್ವಿಡ್ ತೀರಿಕೊಂಡರೆಂದೂ ತಾನು ತಮ್ಮ ಹಾರ್ಲನ್ ಎಂದೂ ಹೇಳಿದ. ಅವನಿಗೆ ತಮ್ಮನೂ ಇರಲಿಲ್ಲ, ಅಣ್ಣನೂ ಇರಲಿಲ್ಲ.

"ಅಯ್ಯೋ, ಸರ್" ಎಂದಳು ಆ ಕಡೆಯ ಹೆಣ್ಣುಮಗಳು. ಎಲ್ಲೋ ದಕ್ಷಿಣದವಳು, ಮೆತ್ತನೆಯ ದನಿ. "ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ. ಅವರ ಚರ್ಚು ಯಾವುದು? ಅಲ್ಲಿ ಒಂದು ಮಾತು ಕೇಳಿ ಖಚಿತ ಮಾಡ್ಕೊಳ್ತೀವಿ. ಸಂಜೆ ನಾಲ್ಕಕ್ಕೆ ಇದೇ ನಂಬರಿಗೆ ಕರೆ ಮಾಡಿ ಕರಾರು ಮುಗಿಸಿಬಿಡ್ತೀನಿ."

ಚರ್ಚು! ಆರ್ವಿಡ್‌ನ ಲೆಕ್ಕಾಚಾರದಲ್ಲಿ ಅದಿರಲಿಲ್ಲ. ಹೆದರಿ ಹೆಸರು ಹೇಳಿ ಫೋನಿಟ್ಟ. ಕಳೆದ ಭಾನುವಾರವಷ್ಟೇ ಚರ್ಚಿನ ಉಪಾಹಾರದಲ್ಲಿ ಎರಡೆರಡು ಸಲ ಹಾಕಿಸಿಕೊಂಡು ತಿಂದವನನ್ನು ಸತ್ತ ಅಂತ ಯಾರು ಒಪ್ಪುತ್ತಾರೆ, ಮುಗಿಯಿತು ಕಥೆ ಅಂದುಕೊಂಡ.

ನಮ್ಮ ಊರಿನ ಸ್ವಭಾವ ಅವನಿಗೆ ಆ ಕ್ಷಣ ಮರೆತಿತ್ತು. ಇಲ್ಲಿ ಎದುರಿನವರ ಮಾತಿಗೆ ಯಾರೂ "ಅಲ್ಲ" ಅನ್ನುವುದಿಲ್ಲ. ಪಾದ್ರಿಗಳು ಪ್ರಾರ್ಥನೆಯಲ್ಲಿ ತಿಂಗಳು ತಪ್ಪಿ ಹೇಳಿದರೆ ನಾವೂ ಆ ತಿಂಗಳನ್ನೇ ಹೇಳುತ್ತೇವೆ. ಚರ್ಚಿನ ಕಚೇರಿ ನೋಡಿಕೊಳ್ಳುವ ಆರ್ಡಿಸ್‌ಗೆ ದೂರದ ಊರಿನ ಹೆಂಗಸೊಬ್ಬಳು ಅಷ್ಟು ಮೆತ್ತಗೆ "ನಿಮ್ಮ ಆರ್ವಿಡ್ ಹೋಗಿದ್ದಕ್ಕೆ ತುಂಬಾ ಬೇಜಾರಾಯ್ತು, ಅವರ ತಮ್ಮ ಹಾರ್ಲನ್ ಹೇಳಿದ್ರು" ಅಂದಾಗ, ಆಕೆಯ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುವುದು ಹೇಗೆ? "ಛೆ, ಹೌದಲ್ವಾ" ಅಂದಳು. ಫೋನಿಟ್ಟ ಮೇಲೆ, ಅಷ್ಟು ದೊಡ್ಡ ಕಂಪನಿಗೆ ತಿಳಿದಿದ್ದು ನಮಗೆ ತಿಳಿಯಲಿಲ್ಲವಲ್ಲ ಎಂದು ನೊಂದು, ಪ್ರಾರ್ಥನೆಯ ಸರಪಳಿ ಶುರು ಮಾಡಿದಳು. ಚರ್ಚಿನಲ್ಲಿ ಯಾರಿಗೇ ಏನಾದರೂ ಒಬ್ಬಳು ಮುಂದಿನವಳಿಗೆ ಫೋನು ಮಾಡುತ್ತಾಳೆ, ಅವಳು ಅದರ ಮುಂದಿನವಳಿಗೆ. ಸರಪಳಿಯ ಕೊನೆಯವಳು ಮತ್ತೆ ಆರ್ಡಿಸ್‌ಗೆ ಫೋನು ಮಾಡಿ ಸುದ್ದಿ ಹೇಳಿದಾಗ ಆರ್ಡಿಸ್ ಗಳಗಳನೆ ಅತ್ತಳು. ಅಲ್ಲಿಯವರೆಗೆ ಅವಳಿಗೆ ಚೂರು ಅನುಮಾನವಿತ್ತು. ಊರೆಲ್ಲ ಹೇಳುತ್ತಿದೆ ಅಂದ ಮೇಲೆ ಅದೂ ಹೋಯಿತು.

ಆರ್ವಿಡ್ ಮಧ್ಯಾಹ್ನಕ್ಕೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಮಂಜಿನೊಳಗಿಂದ ಹೆಂಗಸರ ಸಾಲೊಂದು ಅವನ ಮನೆಯ ಕಡೆ ಬರುವುದು ಕಂಡಿತು. ಎಲ್ಲರ ಕೈಯಲ್ಲೂ ಬಟ್ಟೆ ಮುಚ್ಚಿದ ಗಾಜಿನ ತಟ್ಟೆ. ಅವನ ಕೈಯಿಂದ ಬ್ಲೇಡು ಬಿತ್ತು. ನಮ್ಮಲ್ಲಿ ಮಾಂಸ, ಆಲೂಗಡ್ಡೆ, ಡಬ್ಬಿ ಸೂಪು ಸೇರಿಸಿ ಬೇಯಿಸಿದ ಹಾಟ್‌ಡಿಶ್ ಅಷ್ಟೊಂದು ತಟ್ಟೆಗಳಲ್ಲಿ ಒಟ್ಟಿಗೆ ಒಂದು ಮನೆಗೆ ಬರುವುದು ಒಂದೇ ಸಂದರ್ಭದಲ್ಲಿ.

ಎದುರು ಹೋಗಿ ನಿಲ್ಲಬಹುದಿತ್ತು. ಆದರೆ ಈ ಹೆಂಗಸರು ಕಣ್ಣಾರೆ ಕಂಡರೆ ಸರಪಳಿ ಹಿಂದಕ್ಕೂ ಓಡುತ್ತದೆ, ಕಂಪನಿಗೆ ಮುಟ್ಟುತ್ತದೆ. ನಾಲ್ಕು ಗಂಟೆಯವರೆಗೆ ಸತ್ತಿದ್ದರೆ ಸಾಕು, ಆಮೇಲೆ ಬದುಕಿಕೊಂಡರಾಯಿತು ಎಂದು ಮುಖದ ಸಾಬೂನಿನ ನೊರೆಯ ಸಮೇತ ನೆಲಮಾಳಿಗೆಗೆ ಇಳಿದ.

ನಮ್ಮೂರಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಪಕ್ಕದ ಮನೆಯ ಎಂಬತ್ತರ ಮುದುಕಿ ಥೋರಾ ಮೊದಲು ಒಳಬಂದಳು, ಹಿಂದೆ ಉಳಿದವರು. ಆರ್ವಿಡ್‌ನ ತಲೆಯ ಮೇಲೆ ಹಲಗೆಗಳು ಕಿರುಗುಟ್ಟಿದವು. ಕತ್ತಲಲ್ಲಿ ಮನೆ ಬಿಸಿಮಾಡುವ ಒಲೆ ಒಮ್ಮೊಮ್ಮೆ ಗುಡುಗಿ ಸುಮ್ಮನಾಗುತ್ತಿತ್ತು.

"ಹೆಣ ಎಲ್ಲಿಟ್ಟಿದಾರಂತೆ?" ಯಾರೋ ಪಿಸುಗುಟ್ಟಿದರು.

"ತಮ್ಮ ನೋಡ್ಕೊಳ್ತಿದಾನಂತೆ."

"ತಮ್ಮ? ಅವನಿಗೆ ತಮ್ಮ ಎಲ್ಲಿದ್ದ?"

"ಇದ್ದ" ಅಂದಳು ಥೋರಾ. "ಹಾರ್ಲನ್. ಎಳೇ ವಯಸ್ಸಲ್ಲೇ ಎಲ್ಲಿಗೋ ಕಳಿಸಿಬಿಟ್ರು. ನಂಗೆ ಚೆನ್ನಾಗಿ ನೆನಪಿದೆ. ಕಣ್ಣು ಒಂಥರಾ ಇತ್ತು ಆ ಮಗೂಗೆ."

ಹಾರ್ಲನ್ ಎಂಬ ಹೆಸರನ್ನು ಆರ್ವಿಡ್ ಅಂದು ಬೆಳಿಗ್ಗೆ ಗೋಡೆಯ ಮೇಲಿನ ಬೀಜದ ಅಂಗಡಿಯ ಕ್ಯಾಲೆಂಡರಿನಿಂದ ಎತ್ತಿಕೊಂಡಿದ್ದ.

ಮೇಲೆ ಮಾತು ಮುಂದುವರಿಯಿತು. ಒಳ್ಳೆಯವನು, ಯಾರಿಗೂ ತೊಂದರೆ ಕೊಟ್ಟವನಲ್ಲ ಎಂದರು. ಯಾರಿಗೂ ಏನನ್ನೂ ಕೊಟ್ಟವನಲ್ಲ ಎಂದು ಒಬ್ಬಳು ಸೇರಿಸಿದಳು. ಅದಕ್ಕೂ ಯಾರೂ ಅಲ್ಲ ಅನ್ನಲಿಲ್ಲ. ಜೇಬಿನಲ್ಲಿ ಅವನ ಮಡಚುವ ಫೋನು ಆಗಾಗ ನಡುಗುತ್ತಿತ್ತು; ಸದ್ದು ಮೊದಲೇ ಆರಿಸಿದ್ದ. ತೆರೆದು ನೋಡಿದರೆ ಮಾವಿಸ್‌ಳ ಹೆಸರು. ಮತ್ತೆ ಮತ್ತೆ ಅದೇ ಹೆಸರು. ಎತ್ತಿದರೆ ಮೇಲಿನವರಿಗೆ ಕೇಳುತ್ತದೆ. ಮೇಲಾಗಿ ಹಗಲಿನ ನಿಮಿಷ. ಐದಕ್ಕೆ ಹೇಗೂ ಸಿಗುತ್ತೇನಲ್ಲ, ಆಗ ಹೇಳಿ ನಗಿಸಿದರಾಯಿತು ಎಂದು ಮಡಚಿ ಒಳಗಿಟ್ಟ. ಪೆದ್ದ! ಪ್ರಾರ್ಥನೆಯ ಸರಪಳಿ ಲಿಂಡೆನ್‌ವರೆಗೂ ಉದ್ದ ಇದೆ ಅನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಡೆಲ್ಬರ್ಟ್ ಮಡಚುವ ಕುರ್ಚಿಗಳನ್ನು ಒಯ್ಯಲು ಇಳಿದು ಬಂದ. ಒಲೆಯ ಹಿಂದಿನಿಂದ ನೊರೆ ಒಣಗಿದ ಬಿಳಿಯ ಮುಖ ಎದ್ದದ್ದು ನೋಡಿ ಕುರ್ಚಿಯ ಮೇಲೆ ಕುಸಿದ.

"ನಾನೇ ಕಣೋ" ಅಂದ ಆರ್ವಿಡ್ ಪಿಸುದನಿಯಲ್ಲಿ. "ನೀನೇ ಅಲ್ವೇನೋ ಉಪಾಯ ಹೇಳ್ಕೊಟ್ಟಿದ್ದು? ನೀನೂ ಸಾವಿಗೆ ಬಂದಿದೀಯಲ್ಲೋ!"

"ಏನ್ಮಾಡ್ಲಿ ಮಾರಾಯ? ನಮ್ಮೋಳು ಅಳ್ತಾ ಅಳ್ತಾ ಹಾಟ್‌ಡಿಶ್ ಮಾಡಿಟ್ಟಿದ್ಲು. ಅವನು ಬದ್ಕಿದಾನೆ ಕಣೇ ಅಂತ ಹೇಗೆ ಹೇಳ್ಲಿ?" ಡೆಲ್ಬರ್ಟ್ ಬಗ್ಗಿ ಅವನನ್ನೇ ನೋಡಿದ. ಬೆರಳು ಚಾಚಿ ಅವನ ಕೈ ಮುಟ್ಟಿದ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಸತ್ತಿಲ್ಲ ಅಂತ ನಿಂಗೆ ಖಂಡಿತ ಗೊತ್ತಾ?"

"ಏನೋ ಹಾಗಂದ್ರೆ?"

"ಅಲ್ಲಾ, ಕೈ ತಣ್ಣಗಿದೆ. ಊರೆಲ್ಲ ಬೇರೆ ಹೇಳ್ತಿದೆ."

ಕುರ್ಚಿಗಳನ್ನು ಹೊತ್ತು ಡೆಲ್ಬರ್ಟ್ ಹಿಂದೆ ನೋಡದೆ ಮೇಲೆ ಹೋದ. ಆರ್ವಿಡ್ ಕತ್ತಲಲ್ಲಿ ತನ್ನ ನಾಡಿ ಹಿಡಿದು ನೋಡಿಕೊಂಡ. ಸಿಗಲಿಲ್ಲ. ಬೇರೆ ಕಡೆ ಹಿಡಿದ, ಅಲ್ಲಿ ಸಿಕ್ಕಿದಂತೆ ಅನ್ನಿಸಿತು.

ಆಗ ಮೇಲೆ ಅಡುಗೆಮನೆಯಲ್ಲಿ ಒಬ್ಬಳು, "ಅವನ ದನಿ ಒಂದ್ಸಲ ಕೇಳ್ಬೇಕು ಅನ್ಸುತ್ತೆ ಕಣ್ರೇ" ಅಂದಳು. ಕೆಳಗೆ ಜೇಬು ನಡುಗಿತು. ಮೇಲೆ ಎಲ್ಲರಿಗೂ ಕೇಳುವಂತೆ ಫೋನು ಜೋರು ಮಾಡಿಟ್ಟರು. ತನ್ನದೇ ಧ್ವನಿ ಹಲಗೆಗಳ ಸಂದಿನಿಂದ ಇಳಿದು ಬಂದದ್ದನ್ನು ಆರ್ವಿಡ್ ಕೇಳಿದ. "ಈಗ ಬರೋಕಾಗ್ತಿಲ್ಲ... ಏನಿದ್ರೂ ಹೇಳಿ... ನಾನು ಕೇಳಿಸ್ಕೊಳ್ತೀನಿ."

ಯಾರೋ ಬಿಕ್ಕಿದರು. ಇಷ್ಟು ಪ್ರೀತಿಯಿಂದ ಮಾತಾಡುವ ಮನುಷ್ಯ ಯಾರಪ್ಪಾ ಎಂದು ಅವನಿಗೇ ಅನುಮಾನವಾಯಿತು. ಅವನು ಸತ್ತಿದ್ದಾನೆ ಎಂದು ಮರುಕವೂ ಆಯಿತು.

ನಾಲ್ಕಕ್ಕೆ ಮನೆಯ ಫೋನು ಹೊಡೆದುಕೊಂಡಿತು. ಅದೇ ಲೈನಿನ ಇನ್ನೊಂದು ಫೋನು ನೆಲಮಾಳಿಗೆಯ ಗೋಡೆಯಲ್ಲೂ ಇತ್ತು. ಆರ್ವಿಡ್ ಹಾರಿ ಎತ್ತಿದ. ಅದೇ ಕ್ಷಣಕ್ಕೆ ಮೇಲೆ ಥೋರಾ ಕೂಡ ಎತ್ತಿದಳು.

"ಹಾರ್ಲನ್ ಸರ್?" ಮೆತ್ತನೆಯ ದನಿ.

"ಹೂಂ" ಅಂದ ಆರ್ವಿಡ್, ಗಂಟಲು ದಪ್ಪ ಮಾಡುವುದು ಮರೆತು.

ದನಿಯ ಗುರುತು ಸಿಕ್ಕಿ ಲೈನಿನಲ್ಲಿ ಥೋರಾ "ಅಯ್ಯೋ" ಅಂದಳು.

"ಬೇರೆ ಯಾರೋ ಇದೀರಾ?" ಅಂದಳು ಕಂಪನಿಯವಳು. "ಅಮ್ಮಾ, ಆರ್ವಿಡ್ ಲೋಕೆನ್ ತೀರ್ಕೊಂಡಿದ್ದು ನಿಜ ತಾನೇ?"

ಆರ್ವಿಡ್ ಕಣ್ಣು ಮುಚ್ಚಿಕೊಂಡ.

"ಅಡುಗೆ ಎಲ್ಲಾ ಬಡಿಸಿಟ್ಟಾಗಿದೆ ಕಣಮ್ಮಾ" ಅಂದಳು ಥೋರಾ. "ಇನ್ನು ಅಲ್ಲ ಅನ್ನೋದು ಹೇಗೆ?"

"ತುಂಬಾ ಥ್ಯಾಂಕ್ಸ್. ಕರಾರು ಮುಗೀತು, ಸರ್. ದಂಡ ಏನೂ ಇಲ್ಲ. ನಂಬರಿಂದೂ ಏರ್ಪಾಡಾಗಿದೆ, ಅದರ ಚಿಂತೆ ಬಿಡಿ. ಅವರ ಆತ್ಮಕ್ಕೆ ಶಾಂತಿ ಸಿಗಲಿ."

ಆರ್ವಿಡ್ ಕತ್ತಲಲ್ಲಿ ಒಂದು ಕಾಲ ಮೇಲೆ ಕುಣಿದ. ಒಂದು ಕಾಸು ಬಿಚ್ಚದೆ ಕಂಪನಿಯ ಕೊರಳಿಂದ ಜಾರಿಕೊಂಡಿದ್ದ! ಇನ್ನು ಹಿತ್ತಲ ಬಾಗಿಲಿಂದ ಹೊರಟರೆ ಐದಕ್ಕೆ ಲಿಂಡೆನ್. ಮೇಲೆ ಮುಂಬಾಗಿಲು ತೆರೆದ ಸದ್ದಾಯಿತು. ಹೆಂಗಸರ ಮಾತು ಒಮ್ಮೆಲೇ ನಿಂತಿತು. ಯಾರೋ ನಿಧಾನವಾಗಿ ನಡೆದು ಬಂದು ಅವನ ತಲೆಯ ಮೇಲೆಯೇ ನಿಂತರು.

ಸತ್ತುಹೋದ ಕರಾರಿನ ಫೋನು ಅವನ ಜೇಬಿನಲ್ಲಿ ನಡುಗಿತು.

ಈ ಫೋನು ಇನ್ನು ನಡುಗಬಾರದು. ತೆರೆದ, ನೀಲಿ ಬೆಳಕಿನಲ್ಲಿ ಮಾವಿಸ್‌ಳ ಹೆಸರು. ಭಯಕ್ಕೋ ಏನೋ, ಹಗಲಿನ ಹೊತ್ತಿನಲ್ಲಿ ಜೀವಮಾನದಲ್ಲೇ ಮೊದಲ ಸಲ ಎತ್ತಿ ಕಿವಿಗಿಟ್ಟ.

"ಮಾವಿಸ್?"

ಮೇಲೆ ಬಟ್ಟಲೊಂದು ಒಡೆಯಿತು.

"ಆರ್ವಿಡ್" ಎಂಬ ದನಿ ಫೋನಿನಲ್ಲೂ ಕೇಳಿತು, ತಲೆಯ ಮೇಲಿನ ಹಲಗೆಯಿಂದಲೂ ಕೇಳಿತು. "ಎಲ್ಲಿದೀಯಾ?"

"ಕೆಳಗಿದೀನಿ. ಕತ್ತಲಲ್ಲಿ. ಬೆಂಕಿ ಪಕ್ಕ."

"ಅಯ್ಯೋ ದೇವರೇ!" ಅಂದಳು ಮಾವಿಸ್. "ನೀನು ಹೋಗಿದ್ದು ಅಲ್ಲಿಗಾ?"

ಆರ್ವಿಡ್ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದ. ಅರ್ಧ ಹೆರೆದ ಗಡ್ಡ, ಮುಖದ ತುಂಬ ಒಣಗಿದ ಬಿಳಿ, ತಲೆಯ ಮೇಲೆ ಜೇಡರ ಬಲೆ. ಬೇರೆ ಊರಾಗಿದ್ದರೆ ಕಿರುಚಿ ಓಡುತ್ತಿದ್ದರು. ನಮ್ಮ ಹೆಂಗಸರು ಬೆಂಚಿನ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದರು.

"ಕಾಫಿ ಬಿಸಿಯಾಗಿದೆ, ಆರ್ವಿಡ್" ಅಂದಳು ಥೋರಾ. "ಕುಡಿಯೋಕಾಗುತ್ತಾ ಈಗ ನಿಂಗೆ?"

ಆರ್ವಿಡ್ ಎಲ್ಲವನ್ನೂ ಒದರಿದ, ಕರಾರು, ದಂಡ, ಕ್ಯಾಲೆಂಡರಿನ ಹಾರ್ಲನ್. ಯಾರೂ ಬೈಯಲಿಲ್ಲ. "ಹೌದಾ" ಅಂದರು. ಡೆಲ್ಬರ್ಟ್ ಗೋಡೆ ನೋಡುತ್ತಿದ್ದ. ಕಪ್ಪು ಕೋಟಿನ ಮಾವಿಸ್ ಮಾತ್ರ ಫೋನು ಕೈಯಲ್ಲೇ ಹಿಡಿದು, ಅತ್ತು ಊದಿದ ಕಣ್ಣಿನಿಂದ ಅವನನ್ನು ನೋಡುತ್ತಿದ್ದಳು.

"ಮುಗೀತು ಮಾವಿಸ್, ನಾನು ಫ್ರೀ!" ಅಂದ ಆರ್ವಿಡ್. "ಬಾ, ಅಂಗಡಿಗೆ ಹೋಗೋಣ."

"ನಾನು ಹೋಗ್ಬಂದೆ" ಅಂದಳು ಮಾವಿಸ್. "ನಿನ್ನ ಕಂಪನಿ ಅಂಗಡಿಗೆ. ಸತ್ತವರ ನಂಬರು ನಿಲ್ಲಿಸಿದ್ರೆ ಆ ದನೀನೂ ಅಳಿಸಿಹೋಗುತ್ತೆ ಅಂದ್ರು. ಯಾರಾದ್ರೂ ತಮ್ಮ ಹೆಸರಿಗೆ ಮಾಡ್ಕೊಂಡ್ರೆ ಉಳಿಯುತ್ತಂತೆ. ನಾನು ನನ್ನ ಕಂಪನಿ ಬಿಟ್ಟೆ. ದಂಡ ಕಟ್ಟಿದೆ. ನನ್ನ ಫೋನಿಗೂ ನಿನ್ನ ನಂಬರಿಗೂ ಸೇರಿಸಿ ಎರಡು ವರ್ಷಕ್ಕೆ ಸಹಿ ಹಾಕಿದೆ."

"ದಂಡ ಕಟ್ಟಿದ್ಯಾ? ಪೂರ್ತಿನಾ?" ಆರ್ವಿಡ್ ಎದೆ ಹಿಡಿದುಕೊಂಡ. "ಅಲ್ವೇ, ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಸುದ್ದಿ ನಿಜಾನಾ ಅಂತ ಕೇಳೋಣ ಅಂತಲೇ ಮಧ್ಯಾಹ್ನದಿಂದ ಫೋನ್ ಮಾಡ್ತಿದ್ದೆ."

ಆಗ ಆರ್ವಿಡ್‌ನ ಮುಖ ಇದ್ದಕ್ಕಿದ್ದಂತೆ ಅರಳಿತು.

"ಅಂದ್ರೆ ನಾವಿಬ್ರೂ ಈಗ ಒಂದೇ ಪ್ಲಾನಲ್ಲಿದೀವಿ!"

"ನಾನೂ ಅವನೂ" ಅಂದಳು ಮಾವಿಸ್.

"ಯಾವನು ಅವನು?"

ಅವಳು ತನ್ನ ಫೋನು ಎತ್ತಿ ತೋರಿಸಿದಳು. "ಕಾರಲ್ಲಿ ಕೂತು ಅವನ ಹತ್ರ ಎಲ್ಲಾ ಹೇಳ್ಕೊಂಡೆ ಆರ್ವಿಡ್. ನನ್ನ ಗಂಡ ಹೋದಾಗ ಯಾರ ಹತ್ರಾನೂ ಹೇಳದೇ ಇದ್ದಿದ್ದನ್ನೆಲ್ಲ. ಇಷ್ಟು ದಿನದಲ್ಲಿ ನಾನು ಹೇಳೋದನ್ನ ಪೂರ್ತಿ ಕೇಳಿದೋನು ಅವನೊಬ್ಬ. ನೀನು ದಂಡ ಉಳಿಸೋಕೆ ಸತ್ತೆ. ಅವನಿಗೋಸ್ಕರ ನಾನು ದಂಡ ಕಟ್ಟಿದೆ." ಅವಳು ಫೋನನ್ನು ಕೋಟಿನ ಜೇಬಿಗಿಟ್ಟುಕೊಂಡಳು. "ಅದನ್ನೆಲ್ಲ ನೀನು ಕೇಳ್ಬಾರ್ದು. ನಿಂಗೆ ಹೇಳಿದ್ದಲ್ಲ."

"ಹಾಗಾದ್ರೆ ನಾನೇನ್ಮಾಡ್ಲಿ?"

"ಆ ಫೋನು ನಿನ್ನ ಹತ್ರಾನೇ ಇರ್ಲಿ. ದಿನಾ ಚಾರ್ಜು ಮಾಡು. ನಾನು ಕರೆ ಮಾಡ್ದಾಗ ಮಾತ್ರ ಎತ್ತಬೇಡ."

ಹೆಂಗಸರಿಗೆಲ್ಲ ತಲೆಬಾಗಿ ವಂದಿಸಿ ಅವಳು ಹೊರಟಳು. ಸಂಜೆ ಪೂರ್ತಿ ಕವಿದಿತ್ತು. ಆರ್ವಿಡ್ ಕಿಟಕಿಗೆ ಬಂದು ನಿಂತ. ಮಂಜಿನಲ್ಲಿ ಅವಳ ಕಾರಿನೊಳಗಿನ ದೀಪ ಮಸುಕಾಗಿ ಹೊತ್ತಿಕೊಂಡಿತು. ಅವನ ಕೈಯಲ್ಲಿ ಫೋನು ನಡುಗತೊಡಗಿತು.

"ಎತ್ತೋ, ಅವಳೇ ಇರ್ಬೇಕು" ಅಂದಳು ಥೋರಾ ಹಿಂದಿನಿಂದ.

ಅವನ ಹೆಬ್ಬೆರಳು ಫೋನಿನ ಅಂಚಿಗೆ ಹೋಯಿತು. ಕಾರಿನೊಳಗಿಂದ ಮಾವಿಸ್ ಅವನ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು. ಅವನು ಕೈ ಕೆಳಗಿಳಿಸಿದ. ನಡುಕ ನಿಂತಿತು. ಆ ಕಡೆ ಅವಳು ಕಣ್ಣು ಮುಚ್ಚಿ ಆ ಧ್ವನಿ ಕೇಳಿದಳು, ಆಮೇಲೆ ಮಾತಾಡತೊಡಗಿದಳು. ನಡುವೆ ಒಮ್ಮೆ ನಕ್ಕಳು ಕೂಡ. ಅವನ ಎದುರಿಗೆ ಅವಳು ಹಾಗೆ ನಕ್ಕಿದ್ದೇ ಇಲ್ಲ. ಕರೆ ಪುಕ್ಕಟೆಯಾದ್ದರಿಂದ ಬಹಳ ಹೊತ್ತು ಮಾತಾಡಿದಳು.